ಕಾಯಲೊಲ್ಲದ ಚಿಂತನೆ

ರಾಮಮನೋಹರ ಲೋಹಿಯಾ ಅವರನ್ನು ಕನ್ನಡಿಗರು ಕಾಗೋಡಿನಿಂದ ಬಲ್ಲರು. ಗೋವೆಯವರು ಮಡಗಾಂವಿನಿಂದ ಬಲ್ಲರು. ಈ ಎರಡೂರುಗಳ ಹಿಂದೆ ಮೂರನೆಯದೊಂದು ಊರಿದೆ, ಬರ್ಲಿನ್. ಅದನ್ನು ನಾವು ಅವರ ಜೀವನ ಪರಿಚಯದ ಒಂದು ಸಾಲಿಗೆ ಇಳಿಸಿಬಿಟ್ಟಿದ್ದೇವೆ. ಜರ್ಮನಿಗೆ ಹೋದರು, ಡಾಕ್ಟರೇಟ್ ಮಾಡಿದರು, ಮರಳಿದರು, ಅಷ್ಟೇ. ಆದರೆ ಲೋಹಿಯಾ ಬದುಕಿನುದ್ದಕ್ಕೂ ವಾದ ಹೂಡಿದ್ದು ಜರ್ಮನ್ ತತ್ತ್ವಶಾಸ್ತ್ರದೊಡನೆ, ಅದರಲ್ಲೂ ಹೆಗೆಲ್ ಮತ್ತು ಮಾರ್ಕ್ಸ್ ಕಟ್ಟಿದ ಚರಿತ್ರೆಯ ತತ್ತ್ವದೊಡನೆ. ಆ ವಾದದ ತಿರುಳು ಒಂದೇ: ಚರಿತ್ರೆ ತಾನಾಗಿ ಬಂದು ಬಾಗಿಲು ತೆರೆಯಲಿ ಎಂದು ಮನುಷ್ಯ ಹೊಸ್ತಿಲಲ್ಲಿ ಕಾಯಬೇಕಿಲ್ಲ. ಈ ಮಾತನ್ನು ಅವರು ಪುಸ್ತಕಗಳಲ್ಲಿ ಬರೆದುದಕ್ಕಿಂತ ಗೋವೆಯ ಮಳೆಯಲ್ಲಿ ನಿಂತು ಆಡಿದ್ದೇ ಹೆಚ್ಚು ಗಟ್ಟಿಯಾಗಿದೆ ಎಂಬುದು ನನ್ನ ತೀರ್ಮಾನ. ಹಾಗೆನ್ನುವ ಮೊದಲು ಪುಸ್ತಕಗಳಿಗೆ ಸಲ್ಲಬೇಕಾದ ನ್ಯಾಯ ಸಲ್ಲಬೇಕು.

1929ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಲೋಹಿಯಾ ಬರ್ಲಿನ್‌ಗೆ ಹೋದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಕಲಿತು, ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹವನ್ನು ಕುರಿತು ಪ್ರಬಂಧ ಬರೆದು, 1933ರಲ್ಲಿ ದೇಶಕ್ಕೆ ಮರಳಿದರು. ಅದೇ ವಿಶ್ವವಿದ್ಯಾಲಯದಲ್ಲಿ ಹೆಗೆಲ್ 1818ರಿಂದ 1831ರಲ್ಲಿ ಸಾಯುವವರೆಗೆ ಪಾಠ ಹೇಳಿದ್ದ. ಅದೇ ಪಡಸಾಲೆಗಳಲ್ಲಿ 1836ರಲ್ಲಿ ಮಾರ್ಕ್ಸ್ ವಿದ್ಯಾರ್ಥಿಯಾಗಿ ಓಡಾಡಿದ್ದ. ಲೋಹಿಯಾ ಕಾಂಟ್‌ಗೆ ಟೀಕು ಬರೆದವರಲ್ಲ, ಹೆಗೆಲ್‌ಗೆ ವ್ಯಾಖ್ಯಾನ ಬರೆದವರಲ್ಲ. ಆ ಅರ್ಥದಲ್ಲಿ ಅವರನ್ನು ಜರ್ಮನ್ ತತ್ತ್ವಶಾಸ್ತ್ರದ ಪಂಡಿತರೆಂದು ಕರೆಯಲಾಗದು. ಆದರೆ ಒಂದು ತತ್ತ್ವವನ್ನು ಒಳಗಿನಿಂದ ಅರಿತು, ಅದರ ಪ್ರಶ್ನೆಯನ್ನು ಒಪ್ಪಿ ಉತ್ತರವನ್ನು ನಿರಾಕರಿಸುವುದೂ ವಿದ್ವತ್ತೇ. 1943ರಲ್ಲಿ ಬರೆದ ‘ಮಾರ್ಕ್ಸ್ ನಂತರದ ಅರ್ಥಶಾಸ್ತ್ರ’, 1955ರಲ್ಲಿ ಪ್ರಕಟವಾದ ‘ಇತಿಹಾಸ ಚಕ್ರ’ ಆ ಬಗೆಯ ವಿದ್ವತ್ತಿನ ಫಲಗಳು.

ಅವರು ನಿರಾಕರಿಸಿದ ಉತ್ತರ ಯಾವುದು? ಹೆಗೆಲ್‌ನ ಪ್ರಕಾರ ಚರಿತ್ರೆಯೆಂದರೆ ಸ್ವಾತಂತ್ರ್ಯದ ಅರಿವು ಬೆಳೆಯುತ್ತ ಹೋಗುವ ಪಯಣ. ಅದು ಮೂಡಣದಲ್ಲಿ ಹೊರಟು, ಗ್ರೀಸ್, ರೋಮ್ ದಾಟಿ, ಪಡುವಣದ ಜರ್ಮನ್ ಜಗತ್ತಿನಲ್ಲಿ ಹಣ್ಣಾಗುತ್ತದೆ. ಭಾರತ ಆ ಪಯಣದಲ್ಲಿ ಎಂದೋ ಹಿಂದೆ ಬಿದ್ದ ನಿಲ್ದಾಣ. ಮಾರ್ಕ್ಸ್ ಈ ಪಯಣದ ಎಂಜಿನ್ನನ್ನು ಚೈತನ್ಯದಿಂದ ಕಳಚಿ ಉತ್ಪಾದನೆಗೆ ಜೋಡಿಸಿದ, ಆದರೆ ಹಳಿಗಳನ್ನು ಹೆಚ್ಚು ಬದಲಿಸಲಿಲ್ಲ. 1853ರಲ್ಲಿ ನ್ಯೂಯಾರ್ಕ್‌ನ ಪತ್ರಿಕೆಯೊಂದಕ್ಕೆ ಬರೆದ ಲೇಖನಗಳಲ್ಲಿ ಆತ ಭಾರತಕ್ಕೆ ತನ್ನದೆಂಬ ಚರಿತ್ರೆಯಿಲ್ಲವೆಂದ. ಬ್ರಿಟಿಷರ ಕ್ರೌರ್ಯವನ್ನು ಖಂಡಿಸುತ್ತಲೇ, ಅವರು ತರುವ ರೈಲು ಮತ್ತು ಕೈಗಾರಿಕೆಯಿಂದ ಜಾತಿಯ ಬುಡ ಕಳಚೀತೆಂದು ನಿರೀಕ್ಷಿಸಿದ. ಇಬ್ಬರ ಮಾತಿನಲ್ಲೂ ನಮ್ಮಂಥವರಿಗೆ ಒಂದೇ ಸೂಚನೆಯಿತ್ತು: ನಿಮ್ಮ ಸರದಿ ಬರಬೇಕು, ಅದಕ್ಕೆ ಮೊದಲು ಬೇರೆಯವರು ನಡೆದ ದಾರಿಯನ್ನೇ ನೀವೂ ನಡೆಯಬೇಕು.

ಕಾಯುವುದರ ಬೆಲೆ ಏನೆಂಬುದು ಲೋಹಿಯಾ ಓದುತ್ತಿದ್ದ ಊರಿನಲ್ಲೇ ಬಯಲಾಯಿತು. ಯುರೋಪಿನಲ್ಲೇ ಬಲವಾಗಿ ಸಂಘಟಿತವಾಗಿದ್ದ ಕಾರ್ಮಿಕ ಪಕ್ಷಗಳು ಜರ್ಮನಿಯಲ್ಲಿದ್ದವು. ಸೋಶಿಯಲ್ ಡೆಮಾಕ್ರಾಟರೂ ಕಮ್ಯುನಿಸ್ಟರೂ ಪರಸ್ಪರ ಕಚ್ಚಾಡುತ್ತ, ಚರಿತ್ರೆ ಹೇಗೂ ತಮ್ಮ ಕಡೆಗಿದೆ ಎಂಬ ನೆಚ್ಚಿಕೆಯಲ್ಲಿದ್ದರು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಕೆಲವೇ ತಿಂಗಳಲ್ಲಿ ಎರಡೂ ಪಕ್ಷಗಳು ನಿಷೇಧಕ್ಕೊಳಗಾದವು. ಲೋಹಿಯಾ ಬರಹಗಳಲ್ಲಿ ‘ಮುಂದೊಂದು ದಿನ’ ಎಂಬ ಭರವಸೆಯ ಬಗ್ಗೆ ಕಾಣುವ ತೀರದ ಅನುಮಾನಕ್ಕೆ ಈ ದೃಶ್ಯದ ನೆನಪೂ ಒಂದು ಕಾರಣವೆಂದು ನಾನು ಓದಿಕೊಳ್ಳುತ್ತೇನೆ.

ಬರ್ಲಿನ್ ಅವರಿಗೊಬ್ಬ ಗೆಳೆಯನನ್ನೂ ಕೊಟ್ಟಿತ್ತು. ಅಲ್ಲಿ ವೈದ್ಯಕೀಯ ಓದುತ್ತಿದ್ದ ಗೋವೆಯ ಜೂಲಿಯಾಂವ್ ಮೆನೆಜೆಸ್. 1946ರಲ್ಲಿ, ಲಾಹೋರ್ ಕೋಟೆಯ ಚಿತ್ರಹಿಂಸೆ ಮತ್ತು ಆಗ್ರಾ ಜೈಲುವಾಸದಿಂದ ಬಳಲಿದ್ದ ಲೋಹಿಯಾ ವಿಶ್ರಾಂತಿಗೆಂದು ಜೂನ್ 10ರಂದು ಮೆನೆಜೆಸ್ ಅವರ ಊರಾದ ಅಸೋಲ್ನಾಕ್ಕೆ ಬಂದರು. ಗೋವೆಯಲ್ಲಿ ಆಗ ಸಲಜಾರ್‌ನ ಆಡಳಿತ. ಅನುಮತಿಯಿಲ್ಲದೆ ಸಭೆ ಸೇರುವಂತಿಲ್ಲ, ಸೆನ್ಸಾರ್ ದಾಟದೆ ಅಚ್ಚು ಹಾಕುವಂತಿಲ್ಲ. ಜೂನ್ 18ರಂದು ಸುರಿಯುವ ಮಳೆಯಲ್ಲಿ ಮಡಗಾಂವಿನಲ್ಲಿ ಜನ ಸೇರಿದರು. ಪಿಸ್ತೂಲು ಹಿಡಿದು ಅಡ್ಡಬಂದ ಆಡಳಿತಾಧಿಕಾರಿ ಮಿರಾಂಡಾನ ಕೈಯನ್ನು ಸರಿಸಿ ಲೋಹಿಯಾ ಮಾತು ಶುರುಮಾಡಿದರು; ಪೊಲೀಸರು ಬಂಧಿಸಿದರು. ಸೆಪ್ಟೆಂಬರ್ 29ರಂದು ಮತ್ತೆ ಬಂದಾಗ ಕುಳೆಂ ನಿಲ್ದಾಣದಲ್ಲೇ ಹಿಡಿದು ಅಗ್ವಾದ ಕೋಟೆಯಲ್ಲಿಟ್ಟು, ಕೆಲವು ದಿನಗಳ ನಂತರ ಗಡಿಯಾಚೆ ಕಳಿಸಿದರು.

ಆ ಹೊತ್ತಿನ ವಿವೇಕ ಬೇರೆಯದನ್ನೇ ಹೇಳುತ್ತಿತ್ತು. ಬ್ರಿಟಿಷರು ಹೊರಡುವ ಸನ್ನಾಹದಲ್ಲಿದ್ದರು. ಅವರು ಹೋದರೆ ಪೋರ್ಚುಗೀಸರು ತಾವಾಗಿ ಉದುರುತ್ತಾರೆ ಎಂಬುದು ಲೆಕ್ಕ. ನೆಹರೂ ಗೋವೆಯನ್ನು ದೇಶದ ಮುಖದ ಮೇಲಿನ ಸಣ್ಣದೊಂದು ಗುಳ್ಳೆಗೆ ಹೋಲಿಸಿದರು. ಗಾಂಧೀಜಿ ಮಾತ್ರ ‘ಹರಿಜನ’ ಪತ್ರಿಕೆಯಲ್ಲಿ ಲೋಹಿಯಾ ಪರ ನಿಂತರು. ಚರಿತ್ರೆಯ ತತ್ತ್ವ ಇಲ್ಲಿ ಪುಸ್ತಕ ಬಿಟ್ಟು ಬೀದಿಗೆ ಬಂದದ್ದನ್ನು ಗಮನಿಸಬೇಕು. ದೊಡ್ಡ ಗಾಲಿ ಉರುಳಿದ ಮೇಲೆ ಸಣ್ಣದು ತಾನಾಗಿ ಉರುಳುತ್ತದೆ ಎಂಬ ನಂಬಿಕೆಗೆ ಹೆಗೆಲ್‌ನನ್ನು ಓದಿರಬೇಕಾಗಿಲ್ಲ. ಲೋಹಿಯಾ ಕೇಳಿದ್ದು ಬಹಳ ಸಣ್ಣದು: ಸಭೆ ಸೇರುವ, ಮಾತಾಡುವ ಹಕ್ಕು, ಈಗಲೇ. ಪ್ರತಿಯೊಂದು ಕ್ರಿಯೆಯೂ ತನ್ನ ನ್ಯಾಯವನ್ನು ತನ್ನೊಳಗೇ ಹೊತ್ತಿರಬೇಕು, ನಾಳೆಯ ಫಲವನ್ನು ತೋರಿಸಿ ಇಂದಿನ ಕ್ರಿಯೆಗೆ ಸಮರ್ಥನೆ ಹುಡುಕಬಾರದು ಎಂದು ಅವರು ಮುಂದೆ ಸಿದ್ಧಾಂತವಾಗಿ ಬೆಳೆಸಿದ್ದರ ಬೀಜ ಇಲ್ಲಿದೆ.

ಇದನ್ನು ಬರೇ ಕೊಂಡಾಡಿ ಬಿಡುವುದು ವಿಮರ್ಶೆಯಾಗದು. ಸತ್ಯಾಗ್ರಹದಿಂದ ಸಲಜಾರ್ ಮಣಿಯಲಿಲ್ಲ. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು; ಬೆಳಗಾವಿಯ ಕಡೆಯಿಂದ ಹೊರಟವರ ನೆನಪು ನಮ್ಮ ಗಡಿಯೂರುಗಳಲ್ಲಿ ಇನ್ನೂ ಆರಿಲ್ಲ. ಕೊನೆಗೆ ಗೋವೆ ಬಿಡುಗಡೆಯಾದದ್ದು 1961ರ ಡಿಸೆಂಬರ್ 19ರಂದು, ಸೈನ್ಯದಿಂದ. ಫಲದ ತಕ್ಕಡಿಯಲ್ಲಿ ತೂಗಿದರೆ ಲೋಹಿಯಾ ಸೋತರು. ಆದರೆ ಕಾಯಿರಿ ಎಂದವರ ಲೆಕ್ಕವೂ ಸೋತಿತಲ್ಲ? ಬ್ರಿಟಿಷರು ಹೋಗಿ ಹದಿನಾಲ್ಕು ವರ್ಷ ಕಳೆದರೂ ಗುಳ್ಳೆ ತಾನಾಗಿ ಮಾಯಲಿಲ್ಲ. ಈ ನಡುವಿನ ವರ್ಷಗಳಲ್ಲಿ ಗೋವೆಯ ಜನ ತಮ್ಮನ್ನು ಪ್ರಜೆಗಳೆಂದು ಕಂಡುಕೊಳ್ಳಲು ಯಾವುದಾದರೂ ಒಂದು ದಿನ ಆಧಾರವಾಗಿದ್ದರೆ ಅದು ಜೂನ್ 18. ತಕ್ಷಣದ ಕ್ರಿಯೆಗಿರುವ ಬೆಲೆ ಅದು.

ಇನ್ನು ಪುಸ್ತಕಗಳ ಮಾತು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭೂಗತರಾಗಿದ್ದಾಗ ಬರೆದ ‘ಮಾರ್ಕ್ಸ್ ನಂತರದ ಅರ್ಥಶಾಸ್ತ್ರ’ದಲ್ಲಿ ಒಂದು ದೊಡ್ಡ ಒಳನೋಟವಿದೆ. ಬಂಡವಾಳಶಾಹಿ ಮೊದಲು ಯುರೋಪಿನೊಳಗೆ ಬೆಳೆದು, ಮುದಿಯಾದ ಮೇಲೆ ಸಾಮ್ರಾಜ್ಯಶಾಹಿಯಾಯಿತು ಎಂಬ ಕ್ರಮವನ್ನು ಲೋಹಿಯಾ ಒಪ್ಪುವುದಿಲ್ಲ. ಅವರ ಪ್ರಕಾರ ಎರಡೂ ಅವಳಿಗಳು. ಮ್ಯಾಂಚೆಸ್ಟರಿನ ಗಿರಣಿ ಕಾರ್ಮಿಕನನ್ನೂ ಬಂಗಾಳದ ನೇಕಾರನನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಶೋಷಣೆಯ ಮೊತ್ತ ಸಿಗದು. ಹೀಗೆಂದಾಗ ಕಾಯುವ ತತ್ತ್ವದ ಅಡಿಪಾಯವೇ ಅಲುಗಾಡುತ್ತದೆ. ಮುಂದೆ ಹೋದವನು ನನ್ನ ಹೆಗಲ ಮೇಲೆ ಕಾಲಿಟ್ಟೇ ಮುಂದೆ ಹೋಗಿದ್ದರೆ, ಅವನ ದಾರಿಯಲ್ಲೇ ನಡೆದು ಅಲ್ಲಿಗೆ ತಲುಪು ಎಂದು ನನಗೆ ಹೇಳುವುದರಲ್ಲಿ ಅರ್ಥವಿಲ್ಲ.

ಆದರೂ ಇಲ್ಲಿ ಲೋಹಿಯಾ ಮಾರ್ಕ್ಸ್‌ಗೆ ಪೂರ್ತಿ ನ್ಯಾಯ ಸಲ್ಲಿಸಿಲ್ಲ. 1867ರ ‘ಬಂಡವಾಳ’ದ ಮೊದಲ ಸಂಪುಟದ ಕೊನೆಯ ಭಾಗದಲ್ಲೇ ಅಮೆರಿಕದ ಬೆಳ್ಳಿ, ಆಫ್ರಿಕದ ಗುಲಾಮರು, ಭಾರತದ ಲೂಟಿ ಬಂಡವಾಳದ ಹುಟ್ಟಿಗೆ ಕಾರಣವಾದ ಕಥೆಯಿದೆ. ಬಂಡವಾಳ ತನ್ನ ಹೊರಗಿನ ಜಗತ್ತನ್ನು ತಿನ್ನದೆ ಬದುಕಲಾರದು ಎಂದು ರೋಸಾ ಲಕ್ಸೆಂಬರ್ಗ್ 1913ರಲ್ಲೇ ವಾದಿಸಿದ್ದರು. ಲೋಹಿಯಾ ಬರ್ಲಿನ್‌ಗೆ ಕಾಲಿಡುವ ಹತ್ತು ವರ್ಷ ಮೊದಲು ಅದೇ ಊರಿನಲ್ಲಿ ಅವರ ಕೊಲೆಯಾಗಿತ್ತು. ಹಾಗಾಗಿ ಲೋಹಿಯಾ ಅವರ ಸ್ವಂತಿಕೆ ಈ ಅಂಶವನ್ನು ಕಂಡುಹಿಡಿದದ್ದರಲ್ಲಿಲ್ಲ. ಲೂಟಿಗೊಳಗಾದ ನೆಲದಲ್ಲಿ ನಿಂತು ಅದನ್ನು ಸಿದ್ಧಾಂತದ ನಡುಮನೆಗೆ ತಂದದ್ದರಲ್ಲಿದೆ.

‘ಇತಿಹಾಸ ಚಕ್ರ’ ಇದಕ್ಕಿಂತ ಮಹತ್ವಾಕಾಂಕ್ಷೆಯ ಪುಸ್ತಕ, ಇದಕ್ಕಿಂತ ದುರ್ಬಲವೂ ಹೌದು. ಚರಿತ್ರೆ ಹೆಗೆಲ್ ಹೇಳಿದಂತೆ ನೇರ ಏರುವುದಿಲ್ಲ, ಸ್ಪೆಂಗ್ಲರ್ ಹೇಳಿದಂತೆ ಪ್ರತಿ ಸಂಸ್ಕೃತಿಯೂ ಗಿಡದ ಹಾಗೆ ಹುಟ್ಟಿ ಒಣಗುವುದೂ ಇಲ್ಲ. ಅದು ಚಕ್ರದಂತೆ ತಿರುಗುತ್ತದೆ. ಬಲ ಮತ್ತು ಸಿರಿ ಒಂದು ಸೀಮೆಯಿಂದ ಇನ್ನೊಂದಕ್ಕೆ ಸರಿಯುತ್ತಲೇ ಇರುತ್ತವೆ. ಸಮಾಜದೊಳಗೆ ವರ್ಗ ಮತ್ತು ಜಾತಿಗಳ ನಡುವೆ ಲೋಲಕ ತೂಗುತ್ತದೆ: ಏಳುವ ಸಮಾಜದಲ್ಲಿ ಜಾತಿ ಸಡಿಲಗೊಂಡು ವರ್ಗವಾಗುತ್ತದೆ, ಇಳಿಯುವ ಸಮಾಜದಲ್ಲಿ ವರ್ಗ ಹೆಪ್ಪುಗಟ್ಟಿ ಜಾತಿಯಾಗುತ್ತದೆ. ಜಾತಿಯನ್ನು ಭಾರತದ ವಿಚಿತ್ರ ರೋಗವೆನ್ನದೆ ಎಲ್ಲ ಸಮಾಜಗಳಿಗೂ ಇರುವ ಅಪಾಯವೆಂದು ಕಂಡದ್ದು ಈ ಪುಸ್ತಕದ ಶಾಶ್ವತ ಕೊಡುಗೆ.

ಈ ಲೋಲಕವನ್ನು ಗೋವೆಯ ನೆಲದಲ್ಲೇ ಪರೀಕ್ಷಿಸೋಣ. ಪೋರ್ಚುಗೀಸರು 1510ರಲ್ಲಿ ಬಂದರು. ಅರಸೊತ್ತಿಗೆ, ಕಾನೂನು, ಧರ್ಮ ಎಲ್ಲ ಬದಲಾದವು. ಆದರೂ ಕ್ರೈಸ್ತರಾದವರ ನಡುವೆ ಬಾಮೊಣ್, ಚಾರ್ಡೊ, ಸುದಿರ್ ಎಂಬ ಭೇದ ಉಳಿಯಿತು. ಊರ ಜಮೀನಿನ ಮೇಲೆ ಮೂಲ ಗಾಂವ್ಕಾರರ ಗಂಡುಸಂತತಿಗೆ ಮಾತ್ರ ಹಕ್ಕು ಕೊಡುತ್ತಿದ್ದ ಗಾಂವ್ಕಾರಿಯನ್ನು ಹೊಸ ಆಳರಸರು 1526ರಲ್ಲಿ ‘ಫೋರಲ್’ ಎಂಬ ಕಟ್ಟಳೆಯಲ್ಲಿ ಬರೆದೇ ಇಟ್ಟರು. ರೈಲಿನಿಂದ ಜಾತಿ ಕರಗೀತೆಂಬ ಮಾರ್ಕ್ಸ್‌ನ ನಿರೀಕ್ಷೆ ಹುಸಿಯೆಂಬ ಲೋಹಿಯಾ ವಾದಕ್ಕೆ ಇದು ಬಲ ಕೊಡುತ್ತದೆ. ಆದರೆ ಅದೇ ಉದಾಹರಣೆ ಅವರ ಲೋಲಕವನ್ನೂ ಪ್ರಶ್ನಿಸುತ್ತದೆ. ಮಸಾಲೆ ವ್ಯಾಪಾರದ ಸಿರಿ ಹಳೆಗೋವೆಗೆ ಬಂತು, ಹೋಯಿತು. ಗೋವೆ ಎದ್ದಿತು, ಬಿದ್ದಿತು. ಜಾತಿಯ ಲೋಲಕ ಮಾತ್ರ ತೂಗಲಿಲ್ಲ, ಒಂದೇ ಕಡೆ ನಿಂತಿತ್ತು.

ಕೊರತೆ ಎಲ್ಲಿದೆ ಎಂಬುದು ಅಂಬೇಡ್ಕರರನ್ನು ಪಕ್ಕದಲ್ಲಿಟ್ಟರೆ ಸ್ಪಷ್ಟವಾಗುತ್ತದೆ. 1916ರ ಪ್ರಬಂಧದಲ್ಲೇ ಅಂಬೇಡ್ಕರ್ ಜಾತಿಯನ್ನು ಬಾಗಿಲು ಮುಚ್ಚಿಕೊಂಡ ವರ್ಗವೆಂದು ಕರೆದು, ಬಾಗಿಲು ಹೇಗೆ ಮುಚ್ಚಿತೆಂಬುದನ್ನು ವಿವರಿಸಿದ್ದರು: ಒಳಮದುವೆಯಿಂದ, ಹೆಣ್ಣಿನ ಮೇಲಿನ ಹತೋಟಿಯಿಂದ. ಲೋಹಿಯಾ ಬಾಗಿಲು ಯಾವಾಗ ಮುಚ್ಚುತ್ತದೆ ಎಂದು ಹೇಳುತ್ತಾರೆ, ಯಾರ ಕೈ ಮುಚ್ಚುತ್ತದೆ ಎಂಬುದನ್ನು ಈ ಪುಸ್ತಕದಲ್ಲಿ ಅಷ್ಟು ಬಿಡಿಸಿ ಹೇಳುವುದಿಲ್ಲ. ಕೈಯೇ ಇಲ್ಲದ ಚಕ್ರ ತಾನಾಗಿ ತಿರುಗುತ್ತದೆ. ಆಗ ಒಂದು ವಿಪರ್ಯಾಸ ಹುಟ್ಟುತ್ತದೆ. ತಾನಾಗಿ ತಿರುಗುವ ಚಕ್ರವೂ ಮನುಷ್ಯನಿಗೆ ಕಾಯಿ ಎಂದೇ ಹೇಳುತ್ತದೆ. ಹೆಗೆಲ್‌ನ ಏಣಿಯನ್ನು ಮುರಿದು ಲೋಹಿಯಾ ಅಲ್ಲೇ ಒಂದು ರಾಟೆಯನ್ನು ನಿಲ್ಲಿಸಿದಂತಾಯಿತು.

ಅವರಿಗೆ ಈ ಅಪಾಯದ ಅರಿವಿತ್ತು. ಪುಸ್ತಕದ ಕೊನೆಯಲ್ಲಿ ಅವರು ಮನುಕುಲದ ಬೆರೆಯುವಿಕೆಯ ಮಾತಾಡುತ್ತಾರೆ. ಈವರೆಗೆ ಜನಾಂಗಗಳು ಅರಿವಿಲ್ಲದೆ, ಹಲವೊಮ್ಮೆ ಬಲಾತ್ಕಾರದಿಂದ ಬೆರೆತಿವೆ. ಇನ್ನು ಮನುಷ್ಯ ತಿಳಿದು, ಬಯಸಿ, ಸಮಾನನಾಗಿ ಬೆರೆತರೆ ಚಕ್ರ ನಿಂತೀತು. ಈ ಭಾಗದಲ್ಲಿ ವಾದಕ್ಕಿಂತ ಹಂಬಲ ಹೆಚ್ಚಿದೆ. ಆದರೂ ಪುಸ್ತಕದಲ್ಲಿ ಮಡಗಾಂವಿನ ಲೋಹಿಯಾ ಮರಳಿ ಬರುವುದು ಇಲ್ಲೇ.

ಕನ್ನಡ ಈ ಚಿಂತಕನಿಗೆ ಬಹಳ ಕೊಟ್ಟಿದೆ, ಅವರಿಂದ ಬಹಳ ಪಡೆದಿದೆ. ಶಾಂತವೇರಿ ಗೋಪಾಲಗೌಡರ ರಾಜಕಾರಣ, ಅನಂತಮೂರ್ತಿ ಮತ್ತು ಲಂಕೇಶರ ಬರವಣಿಗೆ ಅದಕ್ಕೆ ಸಾಕ್ಷಿ. ತೇಜಸ್ವಿ 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಕೃತಿಯ ಮುನ್ನುಡಿಯಲ್ಲೇ ಲೋಹಿಯಾ ಪ್ರಭಾವವನ್ನು ಒಪ್ಪಿಕೊಂಡರು. ಜಾತಿ, ಭಾಷೆಗಳ ಬಗೆಗಿನ ಅವರ ಮಾತನ್ನು ನಾವು ಮೈಗೂಡಿಸಿಕೊಂಡೆವು. ಆ ಮಾತುಗಳ ಬೇರಿನಲ್ಲಿರುವ ಹೆಗೆಲ್, ಮಾರ್ಕ್ಸ್‌ರ ಜೊತೆಗಿನ ಜಗಳವನ್ನು ಮಾತ್ರ ಮುಂದುವರಿಸಲಿಲ್ಲ. ಅದನ್ನು ಕನ್ನಡದಲ್ಲಿ ಮತ್ತೆ ಎತ್ತಿಕೊಳ್ಳಬೇಕೆಂಬುದು ನನ್ನ ಒತ್ತಾಯ. ಅದಕ್ಕೆ ಬೇಕಾದ ನೆಲ ನಮ್ಮಲ್ಲೇ ಇದೆ.

1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ದೀವರ ಗೇಣಿದಾರರು ಒಡೆಯರನ್ನು ಕೇಳಿದ್ದು ಎರಡೇ: ಗೇಣಿ ಅಳೆಯುವ ಕೊಳಗ ಸರಿಯಾದ ಅಳತೆಯದಿರಲಿ, ಕೊಟ್ಟ ಗೇಣಿಗೆ ರಸೀತಿ ಇರಲಿ. ಆ ಜೂನ್‌ನಲ್ಲಿ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಕೊಡುವ ದೇವರಾಜ ಅರಸರ ಕಾನೂನು ಬರಲು 1974 ಆಗಬೇಕಾಯಿತು. ಮಡಗಾಂವಿನಲ್ಲಿ ಹದಿನೈದು ವರ್ಷ, ಕಾಗೋಡಿನಲ್ಲಿ ಇಪ್ಪತ್ತಮೂರು. ಎರಡೂ ಕಡೆ ಫಲ ತಡವಾಗಿ ಬಂತು, ಬೇರೆಯವರ ಕೈಯಿಂದ ಬಂತು. ಆದರೆ ಕೊಳಗ ಸರಿಯಿಲ್ಲ ಎಂದು ಒಬ್ಬ ಗೇಣಿದಾರ ಒಡೆಯನ ಅಂಗಳದಲ್ಲಿ ನಿಂತು ಹೇಳಿದ ಗಳಿಗೆಯಲ್ಲೇ ಏನೋ ಬದಲಾಗಿತ್ತು. ಆ ಗಳಿಗೆಗೆ ತತ್ತ್ವಶಾಸ್ತ್ರದಲ್ಲಿ ಜಾಗ ಮಾಡಿಕೊಡಲು ಲೋಹಿಯಾ ಹೆಣಗಿದರು. ಬರ್ಲಿನ್‌ನ ಕೊಳಗದಲ್ಲಿ ಲೋಕವನ್ನು ಅಳೆಯಲೊಪ್ಪದ ಅವರು ತಾವೇ ಮಾಡಿದ ಕೊಳಗವೂ ಪೂರ್ತಿ ಸರಿಯಿರಲಿಲ್ಲ. ಅದನ್ನು ತೋರಿಸಿ ಹೇಳುವ ಧೈರ್ಯವನ್ನು ಕಾಗೋಡಿನವರಿಂದಲೇ ನಾವು ಕಲಿತಿದ್ದೇವೆ.