ಚಪ್ಪಾಳೆಗೆ ಮೊದಲು

ಹುಬ್ಬಳ್ಳಿಯ ನೆಹರೂ ಮೈದಾನವಿರಲಿ, ಧಾರವಾಡದ ಕಡಪಾ ಮೈದಾನವಿರಲಿ, ಭಾಷಣ ಮುಗಿದಾಗ ಕೇಳಿಬರುವ ವಿಮರ್ಶೆ ಒಂದೇ: "ಏನ್ ಮಾತಾಡಿದ್ರಪಾ!" ಖ್ಯಾಲ್ ಗಾಯಕ ತಾಳದ ಸಮ್‌ಗೆ ಸರಿಯಾಗಿ ಬಂದನೋ ಇಲ್ಲವೋ ಎಂದು ಬೆರಳೆಣಿಸಿ ಕೂರುವ ಊರು, ವಾದ ಎಲ್ಲಿಂದ ಹೊರಟು ಎಲ್ಲಿಗೆ ಬಂತೆಂದು ಮಾತ್ರ ನೋಡುವುದಿಲ್ಲ. ಪ್ರಾಸಕ್ಕೆ, ಎದುರಾಳಿಯ ಮೇಲಿನ ಕೊಂಕಿಗೆ ಸೀಟಿ ಬೀಳುತ್ತದೆ. ಟಿವಿ ಚರ್ಚೆಯಲ್ಲಂತೂ ಯಾರ ದನಿ ದೊಡ್ಡದೋ ಅವರೇ ಗೆದ್ದರು. ಆಧಾರವನ್ನೂ ತೀರ್ಮಾನವನ್ನೂ ಬೇರ್ಪಡಿಸುವ ಪ್ರಾಥಮಿಕ ಪಾಠ, ನ್ಯಾಯಶಾಸ್ತ್ರದ ಪ್ರತಿಜ್ಞೆ-ಹೇತುಗಳ ಚರ್ಚೆ ಇಲ್ಲಿ ಬೇಡ. ರಸವಿರುವುದು ಭಾಷಣಕಾರ ಬಾಯಿಬಿಟ್ಟು ಹೇಳದೆ ನಮ್ಮಿಂದ ಒಪ್ಪಿಸಿಕೊಳ್ಳುವ ಆಧಾರದಲ್ಲಿ.

ಮಹದಾಯಿ ನದಿಯ ನೀರನ್ನು ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ಪರ ಭಾಷಣವನ್ನೇ ತೆಗೆದುಕೊಳ್ಳಿ. ಅವಳಿನಗರಕ್ಕೆ ಕುಡಿಯುವ ನೀರು ಸಾಲದು. ಮಹದಾಯಿ ನೀರು ಸುಮ್ಮನೆ ಸಮುದ್ರ ಸೇರುತ್ತಿದೆ. ಆದ್ದರಿಂದ ಅದನ್ನು ಮಲಪ್ರಭೆಗೆ ತಿರುಗಿಸಿದರೆ ನರಗುಂದ, ನವಲಗುಂದದ ಹೊಲಗಳಿಗೆ ನೀರು ಬರುತ್ತದೆ. ಆಧಾರ ಕುಡಿಯುವ ನೀರಿನದು, ತೀರ್ಮಾನ ಕಾಲುವೆಯದು. ನಡುವಿನ ಕೊಂಡಿ ಇದು: ಅವಳಿನಗರ ಸವದತ್ತಿ ಬಳಿಯ ಜಲಾಶಯದಿಂದ ಮಲಪ್ರಭೆ ನೀರನ್ನು ಕುಡಿಯುತ್ತಿದೆ, ಮಹದಾಯಿ ಬಂದರೆ ಅಷ್ಟು ನೀರು ಕಾಲುವೆಗೆ ಉಳಿಯುತ್ತದೆ. ಸುಳ್ಳೇನಲ್ಲ. ಆದರೆ ನಗರದ ಬೇಡಿಕೆ ಇದ್ದಷ್ಟೇ ಇದ್ದರೆ ಮಾತ್ರ ನಿಜ. ಬೆಳೆಯುವ ಊರಿನ ಬಾಯಾರಿಕೆಯಿಂದ ಶುರುವಾದ ವಾದ, ನಡುವೆ ಸದ್ದಿಲ್ಲದೆ ಆ ಊರು ಬೆಳೆಯುವುದಿಲ್ಲವೆಂದು ನಂಬಿಸುತ್ತಿದೆ! ಅಂಕಿಗಳೂ ಹೀಗೆಯೇ ಆಟವಾಡುತ್ತವೆ. 2018ರ ಆಗಸ್ಟ್ 14ರಂದು ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟದ್ದು 13.42 ಟಿಎಂಸಿ ಎಂದರೆ ವೇದಿಕೆಯಲ್ಲಿ ಚೆನ್ನಾಗಿ ಮೊಳಗುತ್ತದೆ. ಅದರಲ್ಲಿ 8.02 ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು ದಕ್ಕಿದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9. ರಾಜ್ಯ ಇದಕ್ಕೆ ಕೇಳಿದ್ದು 7.56.

ಬರದಲ್ಲಿ ಬೆಂದವರ ಎದುರು ತರ್ಕದ ತಕ್ಕಡಿ ಹಿಡಿಯುವುದೇ ಎಂದು ಆಕ್ಷೇಪಿಸಬಹುದು. 2015ರಿಂದ ನರಗುಂದದಲ್ಲಿ ಧರಣಿ ಕೂತವರ ಸಂಕಟವನ್ನು ಯಾವ ತರ್ಕವೂ ಅಲ್ಲಗಳೆಯದು. ಆದರೆ ಕೊಂಡಿಯನ್ನು ಕಂಡ ರೈತನಿಗೇ ಕೇಳಬೇಕಾದ ಪ್ರಶ್ನೆ ಸಿಗುತ್ತದೆ: ಉಳಿಯುವ ನೀರಿನಲ್ಲಿ ಕಾಲುವೆಯ ಪಾಲೆಷ್ಟು, ಅದನ್ನು ಎಲ್ಲಿ ಬರೆದಿಟ್ಟಿದ್ದೀರಿ? ಸಂಕಟವನ್ನಷ್ಟೇ ಹೊಗಳುವ ಭಾಷಣದಿಂದ ಈ ಪ್ರಶ್ನೆ ಹುಟ್ಟುವುದಿಲ್ಲ. ನಮ್ಮವರ ವಾದವನ್ನೇ ಹೀಗೆ ಬಿಚ್ಚಿದರೆ ಎದುರಿನವರಿಗೆ ಲಾಭವೆಂಬುದು ಇನ್ನೊಂದು ಆಕ್ಷೇಪ. ಅವರದ್ದನ್ನೂ ಬಿಚ್ಚಿ, ಯಾರು ಬೇಡವೆಂದರು? ನೀರು ತಿರುಗಿಸಿದರೆ ನದಿ, ಕಾಡು ಸಾಯುತ್ತವೆ ಎನ್ನುವ ಗೋವಾದ ವಾದ, ಎಷ್ಟೇ ತಿರುಗಿಸಿದರೂ ಹಾನಿ ಒಂದೇ ಎಂಬ ಆಧಾರವನ್ನು ಅಡಗಿಸಿಟ್ಟುಕೊಂಡಿದೆ. ಅದೇ ತೀರ್ಪು ಗೋವಾಕ್ಕೂ 24 ಟಿಎಂಸಿ ಕೊಟ್ಟಿದೆಯಲ್ಲ, ಆ ನೀರು ತೆಗೆದರೆ ನದಿಗೆ ನೋವಿಲ್ಲವೇ ಎಂದು ಕೇಳಬೇಕು. ಕಣಿವೆಯೊಳಗೆ ಬಳಸಿದ ನೀರಿನಲ್ಲಿ ಒಂದಿಷ್ಟು ಮರಳಿ ನದಿ ಸೇರುತ್ತದೆ, ಮಲಪ್ರಭೆಗೆ ಹೋದದ್ದು ಸೇರುವುದಿಲ್ಲ ಎಂದು ಅವರು ಉತ್ತರಿಸಬಹುದು. ಆಗ ಅಡಗಿದ್ದ ಆಧಾರದ ಜಾಗಕ್ಕೆ ಅಳೆದು ನೋಡಬಹುದಾದ ಆಧಾರವೊಂದು ಬಂದಂತಾಯಿತು. ಅಂಥ ಭಾಷಣವಾದರೆ ಮೈದಾನದಲ್ಲಿ ರಾತ್ರಿ ಹನ್ನೊಂದರವರೆಗೂ ಕೂತು ಕೇಳಬಹುದು.