ಸೂಜಿ ಕಾಣಬೇಕು

1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ, ಪಾತ್ರ ವಹಿಸಿ ಆಡುವ ಆಟದ ಬೇಸಿಕ್ ಪುಸ್ತಕ ಕೇವಲ 64 ಪುಟಗಳದು. ಆಟ ಹೇಗೆ ಸಾಗುತ್ತದೆ ಎಂದು ಹೊಸಬರಿಗೆ ತೋರಿಸಲು ಅದರಲ್ಲೊಂದು ಮಾದರಿ ಸಂಭಾಷಣೆ ಇದೆ. ಬ್ಲ್ಯಾಕ್ ಡೂಗಲ್ ಎಂಬ ಕಳ್ಳನ ಪಾತ್ರ ಪೆಟ್ಟಿಗೆಯೊಂದನ್ನು ತೆರೆಯುವ ಮುನ್ನ ಅದರಲ್ಲಿ ಟ್ರ್ಯಾಪ್ ಇದೆಯೇ ಎಂದು ಪರೀಕ್ಷಿಸುತ್ತದೆ. ದಾಳ ಕೈಕೊಡುತ್ತದೆ, ವಿಷದ ಸೂಜಿ ಕಣ್ಣಿಗೆ ಬೀಳುವುದಿಲ್ಲ, ಡೂಗಲ್ ನೆಲಕ್ಕುರುಳುತ್ತಾನೆ. ಓಲ್ಡ್ ಸ್ಕೂಲ್ ರೋಲ್‌ಪ್ಲೇಯಿಂಗ್ ಆಟಗಳ ಅಭಿಮಾನಿಗಳು ಈ ಪ್ರಸಂಗವನ್ನು ನಗುತ್ತಾ ನೆನೆಯುತ್ತಾರೆ. ನನಗೆ ಮಾತ್ರ ಇದು ಆ ಪರಂಪರೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತಿಗೆ ವಿರುದ್ಧವಾದ ಸಾಕ್ಷಿಯಂತೆ ಕಾಣುತ್ತದೆ. ಇಲ್ಲಿ ಗೆಲ್ಲಿಸುವುದು ಪಾತ್ರದ ಅಂಕಿಗಳಲ್ಲ, ಆಡುವವನ ಜಾಣತನ ಎನ್ನುತ್ತಾರೆ. ಡೂಗಲ್‌ನನ್ನು ಆಡಿಸುತ್ತಿದ್ದವನು ಜಾಣನಾಗಿಯೇ ನಡೆದುಕೊಂಡ, ಕೇಳಬೇಕಾದುದನ್ನು ಕೇಳಿದ. ಆದರೆ ಆ ಪುಸ್ತಕದ ಪ್ರಕಾರ ಮೊದಲ ಹಂತದ ಕಳ್ಳನಿಗೆ ಟ್ರ್ಯಾಪ್ ಕಾಣುವ ಸಾಧ್ಯತೆ ನೂರಕ್ಕೆ ಹತ್ತು. ಬೀಗದ ಸುತ್ತ ಒಂದು ಕಲೆ ಇದೆ ಎಂದು ಆಟ ನಡೆಸುವ ಡಂಜನ್ ಮಾಸ್ಟರ್ ಬಾಯಿಬಿಟ್ಟು ಹೇಳಿದ್ದರೆ ಆಟಗಾರನಿಗೆ ಯೋಚಿಸಲು ಏನಾದರೂ ಸಿಗುತ್ತಿತ್ತು. ಹೊಸಬರು ಈ ಆಟಗಳಿಂದ ದೂರ ಸರಿದರೆ ಅದಕ್ಕೆ ಕಾರಣ ಸಾವಿನ ಭಯವಲ್ಲ, ಹೀಗೆ ಮುಚ್ಚಿಟ್ಟ ಸೂಜಿ ಎಂಬುದು ನನ್ನ ವಾದ.

ಮುಚ್ಚಿಡುವ ಈ ಅಭ್ಯಾಸಕ್ಕೆ ಹುಟ್ಟಿನ ಕಾರಣವೇ ಇದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಮೂಲ ಆಟ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನಿಂದ ಹೊರಬಂದಾಗ ಅಚ್ಚಾದದ್ದು ಒಂದು ಸಾವಿರ ಪ್ರತಿ. ಪೆಟ್ಟಿಗೆಯೊಳಗೆ ಮೂರು ತೆಳು ಪುಸ್ತಿಕೆಗಳು, ಬೆಲೆ 10 ಡಾಲರ್. ಓದುಗರ ಬಳಿ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮಗಳೂ ‘ಔಟ್‌ಡೋರ್ ಸರ್ವೈವಲ್’ ಎಂಬ ಇನ್ನೊಂದು ಕಂಪನಿಯ ಆಟದ ಹಾಸೂ ಇರುತ್ತವೆ ಎಂದೇ ಅದು ಭಾವಿಸಿತ್ತು. ಬರೆದವರು ತಮ್ಮಂಥವರಿಗಾಗಿ ಬರೆದರು, ಉಳಿದುದನ್ನು ಪಕ್ಕದಲ್ಲಿ ಕೂತವರು ಹೇಳಿಕೊಟ್ಟರು. ತಾಳಮದ್ದಳೆಯಲ್ಲಿ ಹೊಸ ಅರ್ಥಧಾರಿ ಹಿರಿಯರ ಮಗ್ಗುಲಲ್ಲಿ ಕೂತು ಕಲಿಯುವ ಹಾಗೆ. ಆದರೆ ಅಲ್ಲಿ ಪ್ರಸಂಗದ ಕಥೆ ಎಲ್ಲರಿಗೂ ಮೊದಲೇ ಗೊತ್ತು. ಇಲ್ಲಿ ಕಥೆಯೂ ಗೊತ್ತಿಲ್ಲ, ಎದುರು ಕೂತವನು ಮನಸ್ಸಿನಲ್ಲಿ ಯಾವ ಅಳತೆಗೋಲು ಹಿಡಿದಿದ್ದಾನೆ ಎಂಬುದೂ ಗೊತ್ತಿಲ್ಲ. ಆಟ ಅಂಗಡಿಗಳ ಮೂಲಕ ಅಪರಿಚಿತರ ಕೈ ಸೇರಿದಾಗ ಪಕ್ಕದಲ್ಲಿ ಕೂರುವವರು ಇಲ್ಲವಾದರು, ಪುಸ್ತಕವೊಂದೇ ಉಳಿಯಿತು.

ಈ ಕೊರತೆ ಆ ಕಾಲದವರಿಗೆ ಕಾಣಲಿಲ್ಲ ಎನ್ನುವಂತಿಲ್ಲ. ನರವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಜೆ. ಎರಿಕ್ ಹೋಮ್ಸ್ 1977ರಲ್ಲಿ ಮೂಲ ನಿಯಮಗಳನ್ನು ತಿದ್ದಿ, ಮೊದಲ ಮೂರು ಹಂತಗಳಿಗಷ್ಟೇ ಸೀಮಿತವಾದ ಬೇಸಿಕ್ ಆವೃತ್ತಿ ಕೊಟ್ಟರು. ಗೈಗ್ಯಾಕ್ಸ್ ಬರೆದ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಎಂಬ ಸಿದ್ಧ ಸಾಹಸದ ಪುಸ್ತಿಕೆಯಲ್ಲಿ ಗಾಳಿಮಾತುಗಳ ಒಂದು ಪಟ್ಟಿ ಇದೆ. ಗುಹೆಗಳಿಗೆ ಇಳಿಯುವ ಮುನ್ನವೇ ಆಟಗಾರರ ಕಿವಿಗೆ ಕೆಲವು ಸುದ್ದಿ ಬೀಳುತ್ತವೆ, ಕೆಲವು ನಿಜ, ಕೆಲವು ಸುಳ್ಳು. ಎಷ್ಟು ಸರಳ ಉಪಾಯ! ಆ ಸೀಮೆಯಲ್ಲಿ ಬದುಕಿದವನಿಗೆ ತಿಳಿದಿರಬೇಕಾದದ್ದು ಆಡುವವನಿಗೂ ತಿಳಿಯಿತು, ನಂಬುವ ಹೊಣೆ ಮಾತ್ರ ಅವನಲ್ಲೇ ಉಳಿಯಿತು. ಆದರೆ ಅದೇ ಗೈಗ್ಯಾಕ್ಸ್ 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ, ಆ ಪುಸ್ತಕವನ್ನು ಇಣುಕಿ ನೋಡಿದ ಆಟಗಾರನನ್ನು ತಪ್ಪಿತಸ್ಥನಂತೆ ಕಾಣುತ್ತಾರೆ. ಒಂದೇ ಕೈ ಬಾಗಿಲನ್ನು ತೆರೆದೂ ಇದೆ, ಅಗುಳಿಯನ್ನೂ ಹಾಕಿದೆ. 1983ರ ಫ್ರಾಂಕ್ ಮೆಂಟ್ಸರ್ ಆವೃತ್ತಿ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಒಬ್ಬನೇ ಕೂತು ಓದುತ್ತಾ ಆಡಬಹುದಾದ ಕಥೆಯಲ್ಲಿ ಅಲೀನಾ ಎಂಬ ಗೆಳತಿ ಸಿಗುತ್ತಾಳೆ, ದಾರಿ ಹೇಳಿಕೊಡುತ್ತಾಳೆ, ಕೊನೆಗೆ ಬಾರ್ಗಲ್ ಎಂಬ ಮಾಂತ್ರಿಕನ ಕೈಯಲ್ಲಿ ಸಾಯುತ್ತಾಳೆ. ಈ ಲೋಕದಲ್ಲಿ ಸಾವು ಅಗ್ಗ ಎಂಬ ಪಾಠ ಹೊಸಬನಿಗೆ ದಾಟಿತು, ಅವನನ್ನು ದಡ್ಡನೆಂದು ಹೀಯಾಳಿಸದೆ.

ಶತಮಾನ ಮಗುಚಿದ ಮೇಲೆ ಈ ಹಳೆಯ ಧಾಟಿ ಮತ್ತೆ ಚಿಗುರಿತು. ಆಟದ ನಿಯಮಗಳನ್ನು ಇತರರೂ ಬಳಸಲು ಬಿಟ್ಟ 2000ದ ಓಪನ್ ಗೇಮ್ ಲೈಸೆನ್ಸ್‌ನ ಆಸರೆಯಲ್ಲಿ 2006ರಲ್ಲಿ ‘ಓಸ್ರಿಕ್’, ಮರುವರ್ಷ ‘ಲ್ಯಾಬಿರಿಂತ್ ಲಾರ್ಡ್’ ಎಂಬ ಆಟಗಳು ಬಂದವು. 2008ರಲ್ಲಿ ಮ್ಯಾಟ್ ಫಿಂಚ್ ಪುಟ್ಟ ಕೈಪಿಡಿಯೊಂದನ್ನು ಉಚಿತವಾಗಿ ಹಂಚಿದರು. ನಿಯಮ ಹುಡುಕುವುದಕ್ಕಿಂತ ಸಂದರ್ಭ ನೋಡಿ ತೀರ್ಪು ಕೊಡುವುದು ಮುಖ್ಯ ಎಂಬುದು ಅದರ ತಿರುಳು. ನಿಯಮ ಗೊತ್ತಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ನೂರಾರು ಪುಟ ಓದುವ ಗೋಜಿಲ್ಲ, ಏನು ಮಾಡುತ್ತೇನೆಂದು ಬಾಯಲ್ಲಿ ಹೇಳಿದರಾಯಿತು. ಹೊಸಬನಿಗೆ ಇಷ್ಟು ಸುಲಭದ ಆಟ ಇನ್ನೊಂದಿರಲಾರದು. ಆದರೂ ಮೊದಲ ದಿನವೇ ಅವನು ಕತ್ತಿ ಹಿರಿದು ಮೊದಲ ಕೋಣೆಯಲ್ಲೇ ಸಾಯುತ್ತಾನೆ. ವಿಡಿಯೋ ಗೇಮ್ ಆಡಿ ಬಂದವನು ಶತ್ರು ಕಂಡರೆ ಹೊಡೆಯಬೇಕು ಎಂದುಕೊಳ್ಳುವುದು ಸಹಜ. ಹಳೆಯ ಆಟದಲ್ಲಿ ಅನುಭವದ ಅಂಕ ಹೆಚ್ಚಾಗಿ ಬರುವುದು ಹೊತ್ತು ತಂದ ಚಿನ್ನದಿಂದ, ಕೊಂದದ್ದರಿಂದ ಸಿಗುವುದು ಅಲ್ಪ. ಎದುರಾದ ರಾಕ್ಷಸರು ಹಗೆಗಳೋ ಮಾತಿಗೆ ಬಗ್ಗುವವರೋ ಎಂದು ನಿರ್ಧರಿಸಲು ಬೇರೆಯೇ ದಾಳ ಇದೆ. ಓಡಿಹೋಗುವುದು ಇಲ್ಲಿ ಸೋಲಲ್ಲ. ಈ ಮೂರು ಮಾತು ಹೇಳಲು ಒಂದು ನಿಮಿಷ ಸಾಕು. ಅವನ್ನು ಹೇಳದೆ, ಅನುಭವದಿಂದಲೇ ಕಲಿಯಲಿ ಎಂದು ಕಾಯುವ ಮೇಜುಗಳೂ ಇವೆ. ಇದು ಕಲಿಸುವುದಲ್ಲ, ತಾನು ಪಟ್ಟ ಪಾಡನ್ನು ಇನ್ನೊಬ್ಬನೂ ಪಡಲಿ ಎಂಬ ಹಟ.

ಎಲ್ಲ ಹೇಳಿಬಿಟ್ಟರೆ ನಿಗೂಢತೆಯೇ ಹೋಗುತ್ತದಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಕತ್ತಲ ನೆಲಮಾಳಿಗೆಯ ಸುಖವೇ ಮುಂದೇನಿದೆ ಎಂದು ತಿಳಿಯದಿರುವುದು. ಆದರೆ ಅಪಾಯ ಇದೆ ಎಂದು ತೋರಿಸುವುದು ಬೇರೆ, ಪರಿಹಾರ ಹೇಳುವುದು ಬೇರೆ. ಸ್ಕರ್ಪಲ್ಸ್ ಎಂಬ ಹೆಸರಿನಲ್ಲಿ ಬರೆಯುವ ಲೇಖಕರ ‘ಟೂಂಬ್ ಆಫ್ ದ ಸರ್ಪೆಂಟ್ ಕಿಂಗ್ಸ್’ ಹೊಸಬರಿಗೆಂದೇ ಕಟ್ಟಿದ ಉಚಿತ ನೆಲಮಾಳಿಗೆ. ಅದರಲ್ಲೊಂದು ಬಾಗಿಲಿಗೆ ಭಾರದ ಕಲ್ಲಿನ ಅಗುಳಿ ಇದೆ. ಎತ್ತಿದರೆ ದೊಡ್ಡ ಸುತ್ತಿಗೆ ಬಂದು ಬಡಿಯುತ್ತದೆ. ಆದರೆ ಅಗುಳಿ ಎತ್ತುವಾಗ ಅದನ್ನು ಹೊತ್ತ ಗೂಟಗಳು ಮೇಲೇಳುವುದು ಕಣ್ಣಿಗೆ ಕಾಣುತ್ತದೆ. ನೋಡಿದವನು ನಿಲ್ಲಬಹುದು, ಹಗ್ಗ ಕಟ್ಟಿ ದೂರದಿಂದ ಎಳೆಯಬಹುದು, ಮುಂದೆ ಎದುರಾಗುವ ಶತ್ರುವಿಗೆ ಅದೇ ಸುತ್ತಿಗೆಯನ್ನು ಆಯುಧ ಮಾಡಿಕೊಳ್ಳಲೂಬಹುದು. ಯಾವ ಕೋಣೆ ಯಾವ ಪಾಠಕ್ಕೆಂದು ನಡೆಸುವವರಿಗೆ ಬರೆದೂ ಇಟ್ಟಿದ್ದಾರೆ. ನಿಗೂಢತೆ ಒಂದಿಷ್ಟೂ ಸವೆದಿಲ್ಲ, ಡೂಗಲ್‌ನ ಪೆಟ್ಟಿಗೆಯಲ್ಲಿ ಇಲ್ಲದ ನ್ಯಾಯ ಇಲ್ಲಿದೆ.

ಇನ್ನೊಂದು ಆಕ್ಷೇಪ, ಸಾವನ್ನೇ ಕಡಿಮೆ ಮಾಡಿದರೆ ಹೊಸಬರು ತಾವಾಗಿ ಬರುತ್ತಾರೆ ಎಂಬುದು. ‘ಡಂಜನ್ ಕ್ರಾಲ್ ಕ್ಲಾಸಿಕ್ಸ್’ ಎಂಬ ಆಟ ಇದಕ್ಕೆ ಉಲ್ಟಾ ದಾರಿ ಹಿಡಿಯಿತು. ಪ್ರತಿಯೊಬ್ಬರಿಗೂ ಮೂರ್ನಾಲ್ಕು ಬಡ ರೈತರ, ಕಸುಬುದಾರರ ಪಾತ್ರ ಕೊಟ್ಟು ಗುಹೆಗೆ ಇಳಿಸುತ್ತದೆ, ಬದುಕಿ ಬಂದವರು ವೀರರಾಗುತ್ತಾರೆ. ಹೆಚ್ಚಿನವರು ಸಾಯುತ್ತಾರೆಂದು ಮೊದಲೇ ಗೊತ್ತಿರುವುದರಿಂದ ಸಾವು ಅವಮಾನವಾಗುವುದಿಲ್ಲ, ನಗೆಯಾಗುತ್ತದೆ. ಹಳೆಯದನ್ನೆಲ್ಲ ಕಾಪಾಡಬೇಕೆನ್ನುವವರಿಗೂ ಇಷ್ಟು ಹೇಳಬೇಕು. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಮಾನವ ಹೆಣ್ಣು ಪಾತ್ರಗಳ ಶಕ್ತಿಗೆ ಗಂಡಿಗಿಂತ ಕಡಿಮೆ ಮಿತಿ ಹಾಕಿತ್ತು. ಅದು ಹೋದದ್ದರಿಂದ ಯಾವ ಗುಹೆಯ ಕತ್ತಲೂ ಕಡಿಮೆಯಾಗಿಲ್ಲ.

ಕೆಲ್ಸಿ ಡಿಯಾನ್ ಅವರ 2023ರ ‘ಶ್ಯಾಡೋಡಾರ್ಕ್’ ಆಟದಲ್ಲಿ ಪಂಜು ಉರಿಯುವುದು ಗೋಡೆಯ ಗಡಿಯಾರದ ಪ್ರಕಾರ ಒಂದು ತಾಸು. ಪಾತ್ರಗಳು ಬೆಳಕು ಕಳೆದುಕೊಳ್ಳುವ ಹೊತ್ತು ಯಾವುದು ಎಂದು ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತು, ಇವತ್ತೇ ಮೊದಲ ಬಾರಿ ದಾಳ ಹಿಡಿದವನಿಗೂ. ಬೇಗ ಹೊರಡೋಣ ಎಂದು ಎಲ್ಲರಿಗಿಂತ ಮೊದಲು ಹೇಳುವವನು ಅವನೇ ಆಗಬಹುದು.