ಹೆಸರು ಬಂದದ್ದು ಜಮೀನಿನ ಜೊತೆ

ಮೆಥಡಿಸ್ಟ್ ಪಂಥ ಕಟ್ಟಿದವನು ಜಾನ್ ವೆಸ್ಲಿ. ಅವನ ಅನುಯಾಯಿಗಳ ಮಿಷನ್ ಮೈಸೂರಿನಲ್ಲಿ ವೆಸ್ಲಿ ಪ್ರೆಸ್ ನಡೆಸಿ ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಿತು. ಅಲ್ಲಿಂದ ಹತ್ತಿರದಲ್ಲೇ, ಶ್ರೀರಂಗಪಟ್ಟಣದಲ್ಲಿ, ಪೂರ್ಣಯ್ಯನವರ ಕಾಲದ ವೆಲ್ಲೆಸ್ಲಿ ಸೇತುವೆ ಇದೆ. (ಆ ಹೆಸರು ಗವರ್ನರ್ ಜನರಲ್ ಆಗಿದ್ದ ರಿಚರ್ಡ್‌ನದು, ತಮ್ಮ ಆರ್ಥರ್‌ನದಲ್ಲ.) 1799ರಲ್ಲಿ ಟಿಪ್ಪುವಿನ ಕೋಟೆ ಬಿದ್ದ ಮೇಲೆ ಪಟ್ಟಣದ ಅಧಿಕಾರ ವಹಿಸಿಕೊಂಡ ಆರ್ಥರ್ 1798ರವರೆಗೂ ರುಜು ಹಾಕುತ್ತಿದ್ದುದು 'ವೆಸ್ಲಿ' ಎಂದೇ. ಇಷ್ಟು ಸಿಕ್ಕರೆ ಸಾಕು, ಒಂದೇ ವಂಶದಲ್ಲಿ ಒಬ್ಬ ಬೈಬಲ್ ಹಿಡಿದ, ಇನ್ನೊಬ್ಬ ಕತ್ತಿ ಹಿಡಿದ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಕೇಳಲು ಚೆಂದ. ನಾನು ಒಪ್ಪಲಾರೆ.

ಆರ್ಥರ್‌ನ ಅಜ್ಜ ಹುಟ್ಟಿನಿಂದ ವೆಸ್ಲಿಯೇ ಅಲ್ಲ, ರಿಚರ್ಡ್ ಕಾಲಿ. ಐರ್ಲೆಂಡಿನ ಮೀತ್ ಸೀಮೆಯಲ್ಲಿ ಡಂಗನ್‌ನ ಜಮೀನ್ದಾರ ಗ್ಯಾರೆಟ್ ವೆಸ್ಲಿಗೆ ಮಕ್ಕಳಿರಲಿಲ್ಲ. 1728ರಲ್ಲಿ ಆಸ್ತಿ ನೆಂಟನಾದ ಕಾಲಿಗೆ ಬಂತು, ಜೊತೆಗೆ ಹೆಸರೂ. ದತ್ತು ಹೋದವನ ಗೋತ್ರ ಬದಲಾಗುವುದನ್ನು ಕಂಡ ನಮಗೆ ಇದು ಹೊಸದಲ್ಲ. ಇಂಗ್ಲಿಷ್ ಹೆಸರು ಕಂಡೊಡನೆ ಮಾತ್ರ ಆ ತಿಳಿವಳಿಕೆ ಎಲ್ಲಿಗೋ ಹೋಗಿಬಿಡುತ್ತದೆ.

ಅದೇ ಗ್ಯಾರೆಟ್ ಮೊದಲು ಜಾನ್‌ನ ತಮ್ಮ ಚಾರ್ಲ್ಸ್‌ನನ್ನು ವಾರಸುದಾರನಾಗಲು ಕರೆದ, ಹುಡುಗ ಒಲ್ಲೆ ಎಂದ ಎಂಬ ಕಥೆ ಮೆಥಡಿಸ್ಟರಲ್ಲಿ ಬಹುಕಾಲದಿಂದ ಇದೆ. ನಿಜವೇ ಇರಲಿ. ಅದನ್ನು ಹಿಡಿದು, ಚಾರ್ಲ್ಸ್ ಹೂಂ ಎಂದಿದ್ದರೆ ಮುಂದೆ ವಾಟರ್ಲೂ ಗೆದ್ದ ಆರ್ಥರನೇ ಇರುತ್ತಿರಲಿಲ್ಲ ಎನ್ನುವುದು ಅತಿಯಾಯಿತು. ಆರ್ಥರ್ ಕಾಲಿ ಎಂಬ ಹೆಸರಲ್ಲಿ ಅವನು ಹುಟ್ಟಲು ಅಡ್ಡಿಯೇನಿತ್ತು? ಒಂದನ್ನು ಒಪ್ಪಬೇಕು: ಆಗ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ದುಡ್ಡು ಕೊಟ್ಟು ಕೊಳ್ಳುವಂಥದ್ದು. ಡಂಗನ್‌ನ ಆಸ್ತಿಯಿಲ್ಲದೆ ಅವನು ಅಷ್ಟು ಬೇಗ ಮೇಲೇರುವುದು ಕಷ್ಟವಿತ್ತು. ಅಲ್ಲಿಗೂ ಕೆಲಸ ಮಾಡಿದ್ದು ಜಮೀನು, ರಕ್ತವಲ್ಲ.

ಹೆಸರು ನೋಡಿ ಹೀಗೆಯೇ ನಂಟು ಕಟ್ಟುವ ಇನ್ನೊಂದು ಜೋಡಿ ಥಾಮಸ್ ಮತ್ತು ಆಲಿವರ್ ಕ್ರಾಮ್ವೆಲ್. ಅವರಲ್ಲಿ ರಕ್ತಸಂಬಂಧ ಉಂಟು, ಆದರೆ ಜನ ಹುಡುಕುವ ಕಡೆಯಲ್ಲಲ್ಲ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ 1540ರಲ್ಲಿ ತಲೆ ಕಳೆದುಕೊಂಡ. ಮುಂದೊಂದು ಶತಮಾನಕ್ಕೆ ದೊರೆಯ ತಲೆಯನ್ನೇ ತೆಗೆಸಿದವರಲ್ಲಿ ಮುಂದಾಳಾದ ಆಲಿವರ್ ಅವನ ಸೋದರಿಯ ಕಡೆಯವನು. ಆಕೆಯ ಗಂಡ ವೇಲ್ಸ್ ಮೂಲದ ಮಾರ್ಗನ್ ವಿಲಿಯಮ್ಸ್. ಮಗ ರಿಚರ್ಡ್ ಅಪ್ಪನ ಹೆಸರು ಬಿಟ್ಟು, ದರ್ಬಾರಿನಲ್ಲಿ ನಡೆಯುತ್ತಿದ್ದ ಸೋದರಮಾವನ ಹೆಸರಿಟ್ಟುಕೊಂಡ. ಮನೆಯವರು ಮಾತ್ರ ಇದನ್ನು ಮರೆತವರಲ್ಲ: ಮೂರು ತಲೆಮಾರು ಕಳೆದು ಆಲಿವರ್‌ನ ಕಾಲ ಬಂದರೂ ಕಾಗದಪತ್ರಗಳಲ್ಲಿ 'ಕ್ರಾಮ್ವೆಲ್ ಉರುಫ್ ವಿಲಿಯಮ್ಸ್' ಎಂಬ ಒಕ್ಕಣೆ ಇತ್ತು.